ಹಳೇ ಮಾರ್ಕರ್ ಅಂತ ನಕ್ಕವರೇ ಈಗ ಪ್ರೈಮರ್ ಕೇಳ್ತಿದ್ದಾರೆ

"ಈಗಲೂ ಯಾರಾದ್ರೂ ಮೈಕ್ರೋಸ್ಯಾಟಲೈಟ್ ಮಾಡ್ತಾರಾ? ಎಸ್‌ಎನ್‌ಪಿಗೆ ಹೋಗು" ಅಂತ ಲ್ಯಾಬಿನಲ್ಲಿ ಎಲ್ಲರದ್ದೂ ಒಂದೇ ಮಾತು. ಎರಡೂ ಒಂದು ಗಿಡದಿಂದ ಇನ್ನೊಂದನ್ನು ಬೇರೆ ಮಾಡಿ ಗುರುತಿಸೋ ಡಿಎನ್‌ಎ ಮಾರ್ಕರ್‌ಗಳೇ: ಮೈಕ್ರೋಸ್ಯಾಟಲೈಟ್ ಅಂದರೆ ಎರಡು-ಮೂರು ಅಕ್ಷರ ಸಾಲಾಗಿ ಮತ್ತೆ ಮತ್ತೆ ಬರೋ ಜಾಗ, ಎಸ್‌ಎನ್‌ಪಿ ಅಂದರೆ ಒಂದೇ ಅಕ್ಷರದ ವ್ಯತ್ಯಾಸ. ಹೋಗೋಕೆ ದುಡ್ಡು ಬೇಕಲ್ವಾ? ನನ್ನ ಹತ್ತಿರ ಇದ್ದದ್ದು ಸಣ್ಣ ಪ್ರಾಜೆಕ್ಟಿನ ಹಣ, ಸಿಲಿಕಾ ಜೆಲ್‌ನಲ್ಲಿ ಒಣಗಿಸಿದ ಸುಮಾರು 300 ಕಾಡುಪೊದೆಗಳ ಎಲೆ, ಅಷ್ಟೇ.

ಮೊದಲ ನಾಲ್ಕು ತಿಂಗಳು ಡಿಎನ್‌ಎ ತೆಗೆಯೋದರಲ್ಲೇ ಹೋಯಿತು. ಎಲೆಯಲ್ಲಿ ಲೋಳೆ ಜಾಸ್ತಿ. ಐಸೋಪ್ರೊಪನಾಲ್ ಹಾಕಿದ ಮೇಲೆ ಬಿಳಿ ನೂಲಿನ ಹಾಗೆ ಕಾಣಬೇಕಾದ್ದು ಕಂದು ಅಂಟಾಗಿ ತಳ ಹಿಡಿಯುತ್ತಿತ್ತು, ಪಿಪೆಟ್ ತುದಿ ಎತ್ತಿದರೆ ಜೊತೆಗೇ ಎದ್ದು ಬರುತ್ತಿತ್ತು. ಡಿಎನ್‌ಎ ಎಷ್ಟು ಶುದ್ಧ ಅಂತ ಬೆಳಕಿನಲ್ಲಿ ಅಳೆದರೆ 260/280 ಅನುಪಾತ ಚೆನ್ನಾಗಿ 1.8, ಆದರೆ 260/230 ಒಂದನ್ನೂ ದಾಟಲಿಲ್ಲ, ಅಂದರೆ ಲೋಳೆ ಹೋಗಿಲ್ಲ. ದುಬಾರಿ ಕಿಟ್ ತರಿಸಿದೆ, ಅದರ ಕಾಲಂ ಕಟ್ಟಿಕೊಂಡಿತು, ದುಡ್ಡೂ ಹೋಯಿತು. ಕೊನೆಗೆ ಕೈಹಿಡಿದದ್ದು ಸಿಟ್ಯಾಬ್‌ಗೆ (ಡಿಎನ್‌ಎ ಬಿಡಿಸೋ ಸೋಪಿನಂಥ ದ್ರಾವಣ) ಮುಂಚೆ ಎಲೆಪುಡಿಯನ್ನು ಸಾರ್ಬಿಟಾಲ್ ಬಫರಿನಲ್ಲಿ ತೊಳೆಯೋದು. ಎಷ್ಟು ಸಲ, ಜೊತೆಗೆ ಇನ್ನೇನು ಹಾಕ್ತೀನಿ ಅನ್ನೋದು ಪೇಪರ್ ಬರೋತನಕ ನನ್ನ ಹತ್ತಿರವೇ ಇರಲಿ.

ಒಂದೇ ಗಿಡದ ಡಿಎನ್‌ಎಯನ್ನು ಕಡಿಮೆ ಕವರೇಜಿನಲ್ಲಿ, ಅಂದರೆ ಮೇಲೆಮೇಲೆ, ಸೀಕ್ವೆನ್ಸ್ ಮಾಡಿಸಿದೆ. ರಿಪೀಟ್ ಹುಡುಕೋ ಸಾಫ್ಟ್‌ವೇರ್ ಮಿಸಾ ಸಾವಿರಗಟ್ಟಲೆ ತೋರಿಸಿತು. ಆಸೆಬಿದ್ದು ಎರಡೇ ಅಕ್ಷರದ ಉದ್ದುದ್ದ ಎಜಿ ರಿಪೀಟ್‌ಗಳಿಗೇ ಪ್ರೈಮರ್ (ಆ ಜಾಗವನ್ನು ಹಿಡಿದು ನಕಲು ಶುರುಮಾಡೋ ಡಿಎನ್‌ಎ ತುಣುಕು) ಮಾಡಿಸಿದ್ದು ನನ್ನದೇ ತಪ್ಪು. ಸ್ಟಟರ್, ಅಂದರೆ ನಕಲು ಮಾಡುವಾಗ ಜಾರಿ ಹುಟ್ಟೋ ಸುಳ್ಳು ಪೀಕ್, ಎಷ್ಟಿತ್ತೆಂದರೆ ಒಂದು ಪೀಕ್ ಬದಲು ಗರಗಸದ ಹಲ್ಲು, ಯಾವುದು ಅಲೀಲ್ (ಆ ಜಾಗದ ನಿಜವಾದ ರೂಪ) ಅಂತ ಮೂವರನ್ನು ಕೇಳಿದರೆ ಮೂರು ಉತ್ತರ. ಆ ಪ್ಲೇಟುಗಳ ಖರ್ಚು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಆಮೇಲೆ ಮೂರು ಬೇಸಿನ ರಿಪೀಟ್‌ಗಳಿಗೆ ಬಂದೆ. 48 ಪ್ರೈಮರ್ ಜೋಡಿಯಲ್ಲಿ 30ರಷ್ಟು ಜೋಡಿ ಬ್ಯಾಂಡ್ ಕೊಟ್ಟವು, ಗಿಡದಿಂದ ಗಿಡಕ್ಕೆ ಬದಲಾದದ್ದು 17 ಇರಬೇಕು, ನಲ್ ಅಲೀಲ್ (ಪ್ರೈಮರ್ ಕೂರದೆ ಕಾಣಿಸದೇ ಹೋಗೋ ಅಲೀಲ್) ಕಾಟದವನ್ನು ಬಿಟ್ಟು ಉಳಿದದ್ದು 14.

ಪ್ರತಿ ಪ್ರೈಮರಿಗೂ ಯಂತ್ರ ಗುರುತಿಸೋ ಹೊಳೆಯೋ ಡೈ ಹಾಕಿಸಿದ್ದರೆ ಪ್ರಾಜೆಕ್ಟ್ ಅಲ್ಲೇ ಮುಗಿಯುತ್ತಿತ್ತು. ಪ್ರತಿ ಜೋಡಿಯ ಫಾರ್ವರ್ಡ್ ಪ್ರೈಮರಿಗೂ ಎಂ13 ಅನ್ನೋ ಒಂದೇ ಡಿಎನ್‌ಎ ತುಣುಕನ್ನು ಬಾಲವಾಗಿ ಸೇರಿಸಿದೆ, ಡೈ ಇರೋ ಎಂ13 ಎಲ್ಲಕ್ಕೂ ಒಂದೇ. ಬಾಲ ಇದ್ದರೆ ಪಿಸಿಆರ್ (ಡಿಎನ್‌ಎ ನಕಲು ಮಾಡೋ ಹಂತ) ಕೆಡುತ್ತೆ ಅಂದರು. ಕೆಡಲಿಲ್ಲ. ಬಾಲದ ಪ್ರೈಮರ್ ಕಾಲುಭಾಗಕ್ಕೆ ಇಳಿಸಿ, ಕೊನೆಯ 8 ಸೈಕಲ್ 53 ಡಿಗ್ರಿಯಲ್ಲಿ ಓಡಿಸಿ, ಸಾಕು.

ಮಧ್ಯೆ ಸುಮ್ನೆ ಹತ್ತಿರದ ಇನ್ನೊಂದು ಜಾತಿಗೂ ಹಾಕಿ ನೋಡಿದೆ, 9 ಮಾರ್ಕರ್ ಅಲ್ಲೂ ಹಿಡಿದವು.

ಮಜಾ ಬಂದದ್ದು ಒಂದು ಇಳಿಜಾರಿನ ಡೇಟಾ ನೋಡಿದಾಗ. ಅಲ್ಲಿಂದ ತಂದ 20 ಗಿಡಗಳಲ್ಲಿ ಬೇರೆ ಬೇರೆ ಜೀನೋಟೈಪ್ (ಮಾರ್ಕರ್‌ಗಳೆಲ್ಲ ಸೇರಿ ಕೊಡೋ ಒಂದು ಗಿಡದ ಗುರುತು) ಸಿಕ್ಕಿದ್ದು ಆರೇ ಆರು. ಟ್ಯೂಬ್ ಅದಲುಬದಲಾಗಿದೆ ಅಂತ ಎಲ್ಲರೂ ನನ್ನನ್ನೇ ಬೈದರು. ಮತ್ತೆ ಹೋಗಿ ಎರಡು ಪೊದೆಗಳ ನಡುವೆ ಒಂದು ಗೇಣು ಅಗೆದೆ. ಬೆರಳು ದಪ್ಪದ ಬೇರು, ಆ ತುದಿಗೂ ಈ ತುದಿಗೂ.