ಹೆರಿಗೆ ಕೋಣೆಯ ಜೊತೆಗಾತಿ: ಗಡಿನಾಡಿನಲ್ಲಿ ಡೂಲಾ ಆಗುವುದು ಹೇಗೆ?

ಹೆರಿಗೆ ನೋವು ಶುರುವಾದಲ್ಲಿಂದ ಮಗು ಕೈಗೆ ಬರುವ ತನಕ ಒಬ್ಬರು ಬಿಡದೆ ಪಕ್ಕದಲ್ಲಿದ್ದರೆ ಏನು ಲಾಭ? 17 ದೇಶಗಳ 15,000ಕ್ಕೂ ಹೆಚ್ಚು ಹೆಂಗಸರ ಮಾಹಿತಿ ಒಟ್ಟು ಮಾಡಿದ 2017ರ ಕಾಕ್ರೇನ್ ಪರಿಶೀಲನೆಯಲ್ಲಿ (ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ವರದಿ) ಉತ್ತರ ಸಿಗುತ್ತದೆ: ಸಹಜ ಹೆರಿಗೆ ಹೆಚ್ಚು, ಸಿಸೇರಿಯನ್ ಕಡಿಮೆ, ನೋವಿನ ಅವಧಿ ಸ್ವಲ್ಪ ಮೊಟಕು. ಹೀಗೆ ಜೊತೆಗಿರುವುದನ್ನೇ ಕಲಿತು ಕಸುಬಾಗಿ ಮಾಡುವವಳು ಡೂಲಾ. ಕಾಸರಗೋಡಿನಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಇದೆ. ತುಳು ಮನೆಮಾತಿನ ಹುಡುಗಿಗೆ ಮಲಯಾಳಂ ಮಾತಾಡುವ ನರ್ಸ್ ಏನು ಹೇಳಿದರೆಂದು ನೋವಿನ ನಡುವೆ ತಿಳಿಯದಿದ್ದರೆ ಅವಳ ಹೆದರಿಕೆ ಇಮ್ಮಡಿಯಾಗುತ್ತದೆ.

ಮೊದಲು ಗೆರೆ ಎಲ್ಲಿ ಎಂದು ಕಲಿಯಿರಿ

ಡೂಲಾ ಸೂಲಗಿತ್ತಿಯಲ್ಲ, ನರ್ಸೂ ಅಲ್ಲ. ಬಿಪಿ ನೋಡುವುದು, ಒಳಪರೀಕ್ಷೆ ಮಾಡುವುದು, ಮದ್ದು ಕೊಡುವುದು, ಡ್ರಿಪ್ ಹೆಚ್ಚುಕಡಿಮೆ ಮಾಡುವುದು, ಯಾವುದಕ್ಕೂ ಕೈ ಹಾಕುವಂತಿಲ್ಲ. ‘ಸಿಸೇರಿಯನ್ ಬೇಡ ಎನ್ನಿ’ ಎಂದು ಮನೆಯವರ ಕಿವಿಯಲ್ಲಿ ಹೇಳುವಂತೆಯೂ ಇಲ್ಲ. ಮನೆಯಲ್ಲೇ ಹೆರಿಗೆ ಮಾಡಿಸಲು ಯಾರಾದರೂ ಕರೆದರೆ ಒಪ್ಪಲೇಬೇಡಿ. ಹೆರಿಗೆಯ ನಂತರ ರಕ್ತಸ್ರಾವ ಜೋರಾದರೆ ಕೆಲವೇ ಗಂಟೆಯಲ್ಲಿ ಜೀವ ಹೋಗಬಹುದು. ಆಗ ಬೇಕಾಗುವುದು ಇಂಜೆಕ್ಷನ್, ರಕ್ತ, ಆಪರೇಷನ್ ಕೋಣೆ.

ಕೋರ್ಸ್ ಆರಿಸುವಾಗ

ನಮ್ಮ ದೇಶದಲ್ಲಿ ಡೂಲಾಗಳಿಗೆ ಸರಕಾರಿ ಲೈಸೆನ್ಸ್ ಇಲ್ಲ. ಹಾಗಾಗಿ ಸರ್ಟಿಫಿಕೇಟ್ ಯಾರು ಬೇಕಾದರೂ ಕೊಡಬಹುದು, ಎಚ್ಚರ ಇರಬೇಕಾದುದು ಇಲ್ಲೇ. 1992ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಡೋನಾ ಇಂಟರ್‌ನ್ಯಾಷನಲ್‌ನಂಥ ಸಂಸ್ಥೆಗಳ ಹಾದಿ ಸುಮಾರಾಗಿ ಹೀಗಿದೆ: ತರಗತಿ, ಓದು, ಎದೆಹಾಲುಣಿಸುವ ಪಾಠ, ಆಮೇಲೆ ನಿಜವಾದ ಹೆರಿಗೆಗಳಲ್ಲಿ ಜೊತೆಗಿದ್ದು ತಾಯಿಯಿಂದಲೂ ಆಸ್ಪತ್ರೆಯವರಿಂದಲೂ ಅಭಿಪ್ರಾಯ ಪಡೆಯುವುದು. ಹಣ ಕಟ್ಟುವ ಮೊದಲು ಮೂರು ಪ್ರಶ್ನೆ ಕೇಳಿ. ಕೈಯಲ್ಲಿ ಮಾಡಿ ಕಲಿಯುವ ತರಗತಿ ಕನಿಷ್ಠ ಎರಡು ಪೂರ್ಣ ದಿನ ಇದೆಯೇ? ಹೆರಿಗೆಯಲ್ಲಿ ಜೊತೆಗಿರದೆ ಸರ್ಟಿಫಿಕೇಟ್ ಸಿಗುತ್ತದೆಯೇ? ಬಾಣಂತನದ ತರಬೇತಿ ಬೇರೆಯಾಗಿ ಇದೆಯೇ? ಎರಡನೆಯದಕ್ಕೆ ‘ಹೌದು’ ಎಂದರೆ ಆ ಕೋರ್ಸ್ ಬಿಟ್ಟುಬಿಡಿ. ಓದು ಮನೆಯಲ್ಲಿ ಆನ್‌ಲೈನ್‌ನಲ್ಲಿ ಆಗಬಹುದು, ಒತ್ತುವುದನ್ನು ಹಿಡಿಯುವುದನ್ನು ಮೊಬೈಲ್ ಪರದೆ ನೋಡಿ ಕಲಿಯಲಾಗದು.

ಕೈ ಪಳಗಬೇಕು

ನೋವು ಸೊಂಟಕ್ಕೆ ಇಳಿದಾಗ ಹೆಚ್ಚು ಉಪಕಾರಕ್ಕೆ ಬರುವುದು ಬೆನ್ನಿನ ಒತ್ತು. ಬೆನ್ನುಮೂಳೆ ಮುಗಿದು ಪೃಷ್ಠದ ಸೀಳು ಶುರುವಾಗುವ ಮೊದಲು ಚಪ್ಪಟೆಯಾದ ತ್ರಿಕೋನದ ಎಲುಬೊಂದು ಸಿಗುತ್ತದೆ. ಅಂಗೈಯ ಬುಡವನ್ನು ಅದರ ಮೇಲಿಡಿ, ಮೊಣಕೈ ನೇರ ಮಾಡಿ, ಒಂದು ಕಾಲು ಹಿಂದಿಟ್ಟು ಇಡೀ ಮೈಯ ಭಾರ ಬಿಡಿ. ನೋವು ಏರುವಾಗ ಒತ್ತು, ಇಳಿದಾಗ ಬಿಡುವು. ಹೊಸಬರು ಹೆಬ್ಬೆರಳಿನಲ್ಲಿ ಒತ್ತುತ್ತಾರೆ, ಅರ್ಧ ಗಂಟೆಗೆ ಮಣಿಕಟ್ಟು ಸೋಲುತ್ತದೆ. ಕೈ ನಾಲ್ಕು ಬೆರಳು ಮೇಲಕ್ಕೆ ಹೋದರೂ ಪ್ರಯೋಜನವಿಲ್ಲ. ‘ಇಷ್ಟು ಸಾಕಾ, ಇನ್ನೂ ಜೋರು ಬೇಕಾ?’ ಎಂದು ಮೊದಲೆರಡು ಸಲ ಕೇಳಿ. ಆಮೇಲೆ ಕೇಳುತ್ತಲೇ ಇದ್ದರೆ ಅವಳಿಗೆ ಕಿರಿಕಿರಿ.

ಎರಡನೆಯದು ಸೊಂಟವನ್ನು ಎರಡೂ ಬದಿಯಿಂದ ಅಮುಕುವುದು. ಅವಳು ಮಂಚಕ್ಕೋ ಕುರ್ಚಿಗೋ ಆನಿಸಿ ಮುಂದೆ ಬಾಗಲಿ. ನಿಮ್ಮ ಅಂಗೈ ಪೃಷ್ಠದ ಹೊರಬದಿಯ ಮಾಂಸದ ಮೇಲಿರಲಿ, ಒಳಕ್ಕೂ ತುಸು ಮೇಲಕ್ಕೂ ಒತ್ತಿ. ಸೊಂಟದ ಎಲುಬಿನ ಅಂಚಿಗೆ ಕೈ ತಾಗಿದರೆ ಅದೇ ಹೊಸ ನೋವಾಗುತ್ತದೆ. ಹೆರಿಗೆ ಚೆಂಡು (ಮೇಲೆ ಕೂರುವ, ಗಾಳಿ ತುಂಬಿದ ದೊಡ್ಡ ಚೆಂಡು) ಬಳಸುವುದಾದರೆ ಗಿಡ್ಡ ಮೈಕಟ್ಟಿನವರಿಗೆ 55 ಸೆಂಟಿಮೀಟರ್‌ನದು, ಉದ್ದದವರಿಗೆ 65ರದು. ಕುಳಿತಾಗ ಸೊಂಟ ಮೊಣಕಾಲಿಗಿಂತ ತುಸು ಮೇಲಿರಬೇಕು. ನುಣುಪು ಟೈಲ್ಸ್ ನೆಲದಲ್ಲಿ ಅಡಿಗೆ ಚಾಪೆ ಹಾಕದೆ ಕೂರಿಸಬೇಡಿ.

ನೋವಿನ ಲೆಕ್ಕ ಹಾಕುವಾಗ ಒಂದು ನೋವಿನ ಆರಂಭದಿಂದ ಮುಂದಿನದರ ಆರಂಭಕ್ಕೆ ಎಣಿಸಬೇಕು. ಚೊಚ್ಚಲ ಹೆರಿಗೆಯಾದರೆ ಐದು ನಿಮಿಷಕ್ಕೊಮ್ಮೆ, ಒಂದು ನಿಮಿಷ ಉದ್ದದ ನೋವು, ಒಂದು ಗಂಟೆ ಹಾಗೇ ನಡೆದರೆ ಹೊರಡುವುದು ಎಂಬುದು ಪುಸ್ತಕದ ಲೆಕ್ಕ. ಆಸ್ಪತ್ರೆ ಪಕ್ಕದಲ್ಲಿರುವವರಿಗೆ ಅದು ಸರಿ. ಒಳನಾಡಿನ ಮುಳ್ಳೇರಿಯಾ, ಅಡೂರು, ದೇಲಂಪಾಡಿ ಕಡೆಯಿಂದ ಮಂಗಳೂರಿಗೆ ಹೋಗುವವರು ಇದಕ್ಕೆ ಕಾಯಬಾರದು, ಎರಡನೇ ಹೆರಿಗೆಯವರಂತೂ ಇನ್ನೂ ಬೇಗ ಹೊರಡಬೇಕು. ರಕ್ತ ಕಂಡರೆ, ನೀರು ಹೋದರೆ, ಮಗುವಿನ ಮಿಸುಕಾಟ ಕಡಿಮೆಯಾದರೆ, ತಲೆಸಿಡಿತದೊಂದಿಗೆ ಕಣ್ಣು ಮಂಜಾದರೆ ಯಾವ ಲೆಕ್ಕವೂ ಬೇಡ, ತಕ್ಷಣ ಹೊರಡಿ. ಗಾಡಿ ಇಲ್ಲದಿದ್ದರೆ 108ಕ್ಕೆ ಕರೆ ಮಾಡಿ.

ಮಾತಿನ ಪಟ್ಟಿ

ಒಂದು ನೋಟ್‌ಬುಕ್‌ನಲ್ಲಿ ಕನ್ನಡ, ತುಳು, ಮಲಯಾಳಂ ಎಂದು ಮೂರು ಕಾಲಂ ಮಾಡಿ. ನಿಮ್ಮ ಕಡೆ ಬ್ಯಾರಿ, ಕೊಂಕಣಿ, ಮರಾಠಿ ಮನೆಗಳಿದ್ದರೆ ಅದನ್ನೂ ಸೇರಿಸಿ. ಲೇಬರ್ ರೂಮಿನಲ್ಲಿ ಕೇಳಿಬರುವ ಚಿಕ್ಕ ಚಿಕ್ಕ ಮಾತುಗಳು ಮುಖ್ಯ: ‘ಮುಕ್ಕ್’ (ಕೆಳಕ್ಕೆ ಬಲ ಹಾಕು), ‘ಶ್ವಾಸಂ ವಿಡ್’ (ಉಸಿರು ಬಿಡು), ‘ಚೆರಿಞ್ಞ್ ಕಿಡಕ್ಕ್’ (ಮಗ್ಗುಲಾಗಿ ಮಲಗು). ಅವಳು ತುಳುವಿನಲ್ಲಿ ‘ಬಾಜೆಲ್’ ಎಂದರೆ ನೀರಡಿಕೆಯೆಂದು ನರ್ಸಿಗೆ ತಿಳಿಸುವವರು ಬೇಕು. ಒಪ್ಪಿಗೆ ಪತ್ರ ಮಲಯಾಳಂನಲ್ಲೋ ಇಂಗ್ಲಿಷ್‌ನಲ್ಲೋ ಇದ್ದರೆ ಇದ್ದದ್ದನ್ನು ಇದ್ದ ಹಾಗೆ ಓದಿ ಹೇಳಿ. ನಿಮ್ಮ ಅಭಿಪ್ರಾಯ ಸೇರಿಸಬೇಡಿ. ಅರ್ಥವಾಗದ ಪದ ಬಂದರೆ ಊಹಿಸದೆ ಡಾಕ್ಟರನ್ನೇ ಕೇಳಿ.

ಒಳಗೆ ಬಿಡದಿದ್ದರೆ?

ಹೆರಿಗೆ ಸಂಗಾತಿಯನ್ನು ಒಳಗೆ ಬಿಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2018ರ ಶಿಫಾರಸು ಹೇಳುತ್ತದೆ. ಲೇಬರ್ ರೂಮಿನ ಗುಣಮಟ್ಟ ಸುಧಾರಿಸುವ ಕೇಂದ್ರ ಸರಕಾರದ ಲಕ್ಷ್ಯ ಯೋಜನೆಯಲ್ಲೂ ಅದಕ್ಕೆ ಜಾಗವಿದೆ. ಆದರೆ ಹಲವು ಹೆಂಗಸರು ಒಟ್ಟಿಗಿರುವ ಲೇಬರ್ ರೂಮಿನಲ್ಲಿ ಸಾಮಾನ್ಯವಾಗಿ ಒಬ್ಬರಿಗೆ ಮಾತ್ರ ಅವಕಾಶ. ಆ ಒಂದು ಜಾಗವನ್ನು ಅಮ್ಮನಿಂದಲೋ ಅಕ್ಕನಿಂದಲೋ ಕಸಿದುಕೊಳ್ಳುವುದು ಸರಿಯಲ್ಲ. ಏಳನೇ ತಿಂಗಳ ಮೇಲೆ ಎರಡು ಮೂರು ಸಲ ಮನೆಗೆ ಹೋಗಿ, ಒಳಗೆ ಹೋಗುವವರಿಗೇ ಬೆನ್ನೊತ್ತು, ಉಸಿರಾಟ, ಮಗ್ಗುಲು ಬದಲಿಸುವುದು ಎಲ್ಲವನ್ನೂ ಕಲಿಸಿ. ಸರಕಾರಿ ಆಸ್ಪತ್ರೆ ನೆಚ್ಚಿಕೊಂಡ ಮನೆಗಳಿಗೆ ಡೂಲಾ ಮಾಡಬಹುದಾದ ದೊಡ್ಡ ಸಹಾಯ ಇದೇ. ಖಾಸಗಿ ಆಸ್ಪತ್ರೆಯಾದರೆ ಎಂಟನೇ ತಿಂಗಳಲ್ಲೇ ದಂಪತಿಯ ಜೊತೆ ಹೋಗಿ ಡಾಕ್ಟರನ್ನು ಕಂಡು ಅನುಮತಿ ಕೇಳಿ. ನೋವು ಶುರುವಾದ ರಾತ್ರಿ ಬಾಗಿಲಲ್ಲಿ ವಾದ ಮಾಡಿ ಫಲವಿಲ್ಲ.

ಬಾಣಂತನ ಬೇರೆಯೇ ಪಾಠ

ಎಣ್ಣೆ ಹಚ್ಚಿ ಮೀಯಿಸುವ ಹೆಂಗಸು, ಲೇಹ್ಯ, ಅಜ್ಜಿಯ ಪಥ್ಯ, ತವರಿನಲ್ಲಿ ಇವೆಲ್ಲ ಇವೆ. ಡೂಲಾ ಇವರೊಂದಿಗೆ ಜಗಳಕ್ಕೆ ನಿಲ್ಲಬಾರದು, ಅಪಾಯವಿದ್ದಲ್ಲಿ ಸುಮ್ಮನಿರಲೂಬಾರದು. ಮಗುವಿನ ಮೂಗಿಗೆ ಕಿವಿಗೆ ಎಣ್ಣೆ ಬಿಡುವುದು, ಹುಟ್ಟಿದ ಮಗುವಿಗೆ ಜೇನು ನೆಕ್ಕಿಸುವುದು, ಹೊಕ್ಕುಳಿಗೆ ಏನಾದರೂ ಹಚ್ಚುವುದು, ಬಾಣಂತಿಗೆ ನೀರು ಕೊಡದಿರುವುದು, ಈ ನಾಲ್ಕರಲ್ಲಿ ರಾಜಿ ಇಲ್ಲ. ‘ಅಜ್ಜೀ, ನೀರು ಕುಡಿಯದಿದ್ದರೆ ಮಲಬದ್ಧತೆ ಆಗಿ ಹೊಲಿಗೆಗೆ ನೋವಾಗ್ತದೆ, ಜೀರಿಗೆ ಕುದಿಸಿದ ನೀರು ಕೊಡುವನಾ?’ ಎಂದು ಕೇಳಿದರೆ ಹೆಚ್ಚಿನ ಅಜ್ಜಿಯರು ಒಪ್ಪುತ್ತಾರೆ.

ಹಾಲು ಸಾಲುತ್ತಿಲ್ಲ ಎಂಬ ದೂರು ಹೆಚ್ಚಿನ ಮನೆಗಳಲ್ಲಿ ಬರುತ್ತದೆ. ಮಗು ಅಳುವುದನ್ನಲ್ಲ, ಒದ್ದೆ ಬಟ್ಟೆಯನ್ನು ಎಣಿಸಿ. ದಿನಕ್ಕೆ 8ರಿಂದ 12 ಸಲ ಹಾಲೂಡಬೇಕು. ಐದನೇ ದಿನದಿಂದ 24 ಗಂಟೆಗೆ ಆರು ಸಲವಾದರೂ ಉಚ್ಚೆ ಹೋಗಬೇಕು, ಕಪ್ಪು ಮಲ ಅಷ್ಟರೊಳಗೆ ಹಳದಿಗೆ ತಿರುಗಿರಬೇಕು. ಮೊದಲ ದಿನಗಳಲ್ಲಿ ತೂಕ ತುಸು ಇಳಿಯುವುದು ಸಹಜ. ಶೇ. 10ಕ್ಕೆ ಮುಟ್ಟಿದರೆ ಡಾಕ್ಟರಿಗೆ ತೋರಿಸಬೇಕು. ಮೊಲೆತೊಟ್ಟು ಒಡೆದಿದ್ದರೆ ಮುಲಾಮಿಗಿಂತ ಮೊದಲು ಮಗು ಬಾಯಿ ಹಾಕುವುದನ್ನು ನೋಡಿ. ತೊಟ್ಟನ್ನಷ್ಟೇ ಚೀಪುತ್ತಿದ್ದರೆ ಕಿರುಬೆರಳನ್ನು ಬಾಯಿಯ ಮೂಲೆಗೆ ಹಾಕಿ ಬಿಡಿಸಿ, ಬಾಯಿ ಅಗಲ ತೆರೆದಾಗ ಗದ್ದ ಮೊಲೆಗೆ ತಾಗುವಂತೆ ಮತ್ತೆ ಹಿಡಿಸಿ.

ತಾಯಿಗೆ ಒಂದು ಗಂಟೆಯೊಳಗೆ ಒಂದು ಪ್ಯಾಡ್ ಪೂರ್ತಿ ನೆನೆದರೆ ತಕ್ಷಣ ಆಸ್ಪತ್ರೆಗೆ ಹೊರಡಿ. 38 ಡಿಗ್ರಿ ಸೆಲ್ಸಿಯಸ್ (ಫ್ಯಾರನ್‌ಹೀಟ್‌ನಲ್ಲಿ 100.4) ಜ್ವರ ಬಂದರೆ, ಒಂದೇ ಕಾಲು ಬಾತು ನೋಯುತ್ತಿದ್ದರೆ ಆ ದಿನವೇ ಆಸ್ಪತ್ರೆ. ಎರಡು ವಾರ ಕಳೆದರೂ ಅಳು, ನಿದ್ದೆಗೆಡುವಿಕೆ, ಮಗುವಿನ ಮೇಲೆ ಮನಸ್ಸಿಲ್ಲದಿರುವುದು ಮುಂದುವರಿದರೆ ‘ಬಾಣಂತಿಗೆ ಸಹಜ’ ಎಂದು ಬಿಡಬೇಡಿ. ಬಾಣಂತಿಯ ಖಿನ್ನತೆ ಗುರುತಿಸುವ ಎಡಿನ್‌ಬರ್ಗ್ ಪಟ್ಟಿಯ ಹತ್ತು ಪ್ರಶ್ನೆ ಕನ್ನಡದಲ್ಲೂ ಇದೆ, ತರಬೇತಿಯಲ್ಲೇ ಅದನ್ನು ಕಲಿಯಿರಿ. ಒಟ್ಟು ಅಂಕ 13 ಮುಟ್ಟಿದರೆ ಡಾಕ್ಟರ ಬಳಿಗೆ ಕಳಿಸಿ. ಸಾಯುವ ಯೋಚನೆ ಬರುತ್ತದೆ ಎಂದರೆ ಅಂಕ ನೋಡಬೇಡಿ, ಅವಳನ್ನು ಒಬ್ಬಳೇ ಬಿಡದೆ ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮಾತಾಡಲು ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416.

ಒಪ್ಪಂದ

38ನೇ ವಾರದಿಂದ ಹೆರಿಗೆಯ ತನಕ ರಾತ್ರಿ ಹಗಲೆನ್ನದೆ ಫೋನ್ ಎತ್ತಬೇಕಾಗುತ್ತದೆ, ಆ ದಿನಗಳಲ್ಲಿ ದೂರದ ಊರಿನ ಮದುವೆಗೆ ಹೋಗುವಂತಿಲ್ಲ. ನಿಮಗೇ ಜ್ವರ ಬಂದರೆ ಯಾರು ಹೋಗುತ್ತಾರೆ, ಸಿಸೇರಿಯನ್ ಆದರೆ ಶುಲ್ಕ ಎಷ್ಟು, ಬಾಣಂತನಕ್ಕೆ ಎಷ್ಟು ದಿನ, ದಿನಕ್ಕೆ ಎಷ್ಟು ಗಂಟೆ, ಇಷ್ಟನ್ನು ಕನ್ನಡದಲ್ಲಿ ಒಂದು ಪುಟ ಬರೆದು ಇಬ್ಬರೂ ಸಹಿ ಹಾಕಿ. ಮನೆಕೆಲಸ ಸೇರಿದೆಯೋ ಇಲ್ಲವೋ ಎಂಬುದನ್ನೂ ಅದರಲ್ಲೇ ಬರೆಯಿರಿ, ತಕರಾರು ಹೆಚ್ಚಾಗಿ ಏಳುವುದು ಅಲ್ಲಿಂದಲೇ.