ಆಟಕ್ಕುಂಟು, ಲೆಕ್ಕಕ್ಕಿಲ್ಲ: ಕಟ್ಟಡ ಕೆಲಸಗಾರರನ್ನು ಹಾಜರಿಗೆ ತರುವ ಬಗೆ

ಕಾಸರಗೋಡಿನ ಉಪ್ಪಳದಲ್ಲೋ ಬದಿಯಡ್ಕದಲ್ಲೋ ಮೂರು ಮಾಳಿಗೆಯ ಕಟ್ಟಡ ಏಳುತ್ತಿರುತ್ತದೆ. ಹದಿನೈದು ಜನ ಸೆಂಟ್ರಿಂಗ್ (ಕಾಂಕ್ರೀಟಿಗೆ ಆಧಾರವಾಗುವ ಹಲಗೆ ಕಟ್ಟು) ಮೇಲಿರುತ್ತಾರೆ, ಕಾಗದದಲ್ಲಿ ಮಾತ್ರ ಮೂವರೇ. ಉಳಿದವರಿಗೆ ಹಾಜರಿಯಿಲ್ಲ, ಕ್ಷೇಮನಿಧಿಯಿಲ್ಲ, ಬಿದ್ದರೆ ಕೇಳುವವರೂ ಇಲ್ಲ. ಇಂಥ ಸೈಟಿನಲ್ಲಿ ಯೂನಿಯನ್ ಘಟಕ ಎಲ್ಲಿಂದ ಹಿಡಿಯಬೇಕು?

2025 ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯಲ್ಲಿ ಬಾಕಿ ಕೂಲಿಯ ದೂರಿಗೆ ಮೂರು ವರ್ಷದ ಅವಧಿಯಿದೆ. ಕೆಲಸಗಾರನ ಪರವಾಗಿ ಅವನ ನೋಂದಾಯಿತ ಯೂನಿಯನ್ನೇ ಅರ್ಜಿ ಹಾಕಬಹುದು. ಕೂಲಿ ಕೊಟ್ಟಿದ್ದೇನೆ ಎಂದು ಸಾಬೀತು ಮಾಡುವ ಹೊಣೆ ಮಾಲೀಕನದು. ಕೇಳಲು ಚೆನ್ನಾಗಿದೆ. ಆದರೆ 'ಈ ಜನ ನಮ್ಮಲ್ಲಿ ದುಡಿದೇ ಇಲ್ಲ' ಎಂದು ಅವನು ಕೈತೊಳೆದುಕೊಂಡರೆ, ದುಡಿದದ್ದನ್ನು ತೋರಿಸಬೇಕಾದವನು ಕೆಲಸಗಾರ. ಹೆಚ್ಚಿನ ದೂರುಗಳು ಬೀಳುವುದು ಇಲ್ಲೇ. ಹಾಗಾಗಿ ಮೊದಲು ಪುರಾವೆ, ಆಮೇಲೆ ದೂರು. ಹಲಗೆ ಬಿಚ್ಚಿ ಎಲ್ಲರೂ ಬೇರೆ ಸೈಟಿಗೆ ಹೋದ ಮೇಲೆ ಪುರಾವೆ ಹುಟ್ಟುವುದಿಲ್ಲ.

ಪ್ರತಿಯೊಬ್ಬರ ಜೇಬಿನಲ್ಲೂ ಒಂದು ಚಿಕ್ಕ ನೋಟ್‌ಬುಕ್ ಇರಲಿ. ದಿನಕ್ಕೆ ಒಂದೇ ಸಾಲು ಸಾಕು: 'ಮಾರ್ಚ್ 4, ಹೊಸಂಗಡಿ, ಬಸ್ ಸ್ಟ್ಯಾಂಡ್ ಹಿಂದಿನ ಕಟ್ಟಡ, ಕಂಬಿ ಕಟ್ಟಿದ್ದು, 8ರಿಂದ 5, ಮುಂಗಡ 500.' ಜೊತೆಗೆ ಮೇಸ್ತ್ರಿಯ ಹೆಸರು, ಅಂದು ಪಕ್ಕದಲ್ಲಿ ದುಡಿದ ಇಬ್ಬರ ಹೆಸರು. ಅವರವರೇ ಬರೆಯಬೇಕು, ಅಂದಂದೇ ಬರೆಯಬೇಕು. ಒಂದೇ ಪೆನ್ನಿನಲ್ಲಿ, ಒಂದೇ ಓಟದಲ್ಲಿ ಎರಡು ತಿಂಗಳ ಹಾಜರಿ ತುಂಬಿದ ಪುಸ್ತಕ ನೋಡಿದ ಕೂಡಲೇ ಎದುರು ವಕೀಲರಿಗೆ ಗೊತ್ತಾಗುತ್ತದೆ.

ವಾರಕ್ಕೊಂದು ಫೋಟೋ ತೆಗೆಯಿರಿ. ಬರೀ ಮುರಕಲ್ಲಿನ ಗೋಡೆಯ ಮುಂದೆ ನಿಂತರೆ ಅದು ಯಾವ ಊರಿನ ಗೋಡೆಯೂ ಆಗಬಹುದು. ಎದುರಿನ ಅಂಗಡಿಯ ಬೋರ್ಡೋ ಟ್ರಾನ್ಸ್‌ಫಾರ್ಮರೋ ಚೌಕಟ್ಟಿನೊಳಗೆ ಬರಲಿ. ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಚಿತ್ರದಿಂದ ತೆಗೆದ ಸಮಯ, ಜಾಗದ ವಿವರ ಅಳಿಸಿಹೋಗುತ್ತದೆ. ಆದ್ದರಿಂದ ಡಾಕ್ಯುಮೆಂಟ್ ಆಗಿ ಕಳಿಸಿ, ಮೂಲ ಚಿತ್ರವನ್ನು ಫೋನಿನಲ್ಲೇ ಉಳಿಸಿಕೊಳ್ಳಿ. ಕೂಲಿಯಲ್ಲಿ ಒಂದಷ್ಟನ್ನಾದರೂ ಗೂಗಲ್ ಪೇಯಲ್ಲಿ ಹಾಕಿಸಿಕೊಳ್ಳಿ. ಮೇಸ್ತ್ರಿ ತನ್ನ ಹೆಂಡತಿಯ ಖಾತೆಯಿಂದ ಹಾಕಿದರೂ ಚಿಂತೆಯಿಲ್ಲ, ದಿನ ಮತ್ತು ಮೊತ್ತ ನೋಟ್‌ಬುಕ್ಕಿನ ಸಾಲಿಗೆ ತಾಳೆಯಾದರೆ ಸಾಕು.

ಇದೆಲ್ಲ ಕೆಲಸಗಾರರ ಕಡೆಯದು. ಘಟಕದ ಕಡೆಯಿಂದ, ಅಡಿಪಾಯ ತೋಡುವಾಗಲೇ ಪಂಚಾಯತಿಗೆ ಮಾಹಿತಿ ಹಕ್ಕಿನ ಅರ್ಜಿ ಹೋಗಲಿ: ಪರ್ಮಿಟ್ ಯಾರ ಹೆಸರಿನಲ್ಲಿದೆ, ವಿಸ್ತೀರ್ಣ ಎಷ್ಟು, ಎಸ್ಟಿಮೇಟ್ ಎಷ್ಟು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕಟ್ಟಡ ವೆಚ್ಚದ ಶೇ. 1 ಸೆಸ್ ಆಗಿ ಕಾರ್ಮಿಕರ ಕ್ಷೇಮನಿಧಿಗೆ ಹೋಗಬೇಕು. 2 ಕೋಟಿಯ ಕಟ್ಟಡಕ್ಕೆ 2 ಲಕ್ಷ. ಸೆಸ್ ಕಟ್ಟಿದ್ದಾರೆಯೇ ಎಂದು ಕಾರ್ಮಿಕ ಇಲಾಖೆಯನ್ನು ಬೇರೆಯಾಗಿ ಕೇಳಿ. 2 ಕೋಟಿಯ ಕಟ್ಟಡವನ್ನು ಮೂವರೇ ಹೇಗೆ ಕಟ್ಟಿದರು ಎಂಬುದನ್ನು ಮಾಲೀಕರೇ ವಿವರಿಸಲಿ. ಸ್ವಂತ ವಾಸದ ಸಣ್ಣ ಮನೆಗಳಿಗೆ ವಿನಾಯಿತಿ ಇರುವುದರಿಂದ ಅಂಗಡಿ ಸಂಕೀರ್ಣ, ಫ್ಲ್ಯಾಟ್‌ಗಳಿಂದ ಶುರುಮಾಡುವುದು ಜಾಣತನ.

ಕಾರ್ಮಿಕ ಇಲಾಖೆಯ ತಪಾಸಣೆ ಕೇಳುವ ದಿನವನ್ನು ಆರಿಸುವುದರಲ್ಲಿ ಹಲವರು ಎಡವುತ್ತಾರೆ. ವಾರ್ಪಿನ ದಿನ, ಅಂದರೆ ಕಾಂಕ್ರೀಟ್ ಹಾಕುವ ದಿನ, ಜನ ಹೆಚ್ಚು, ನಿಜ. ಆದರೆ ಕಾಂಕ್ರೀಟಿನ ಗ್ಯಾಂಗ್ ಮಿಕ್ಸರ್ ಜೊತೆಗೆ ಬಂದು ಸಂಜೆಗೆ ಹೋಗಿಬಿಡುತ್ತದೆ. ಸೆಂಟ್ರಿಂಗ್ ಮತ್ತು ಕಂಬಿ ಕಟ್ಟುವ ದಿನಗಳಲ್ಲಿ ಅದೇ ಜನ ವಾರಗಟ್ಟಲೆ ಇರುತ್ತಾರೆ. ಬೇಕಾದದ್ದು ಅವರ ಎಣಿಕೆ. ದೂರಿನಲ್ಲಿ ಕೆಲಸಗಾರರ ಹೆಸರು ಹಾಕಬೇಡಿ. ಹೆಸರು ಬಂದರೆ ನಾಳೆಯೇ ಅವರಿಗೆ ಕೆಲಸ ಇಲ್ಲ. ಯೂನಿಯನ್ ಲೆಟರ್‌ಹೆಡ್‌ನಲ್ಲಿ ಸೈಟು, ಪರ್ಮಿಟ್ ನಂಬರ್, ಎಣಿಸಿದ ಸಂಖ್ಯೆ, ಬರಬೇಕಾದ ಹೊತ್ತು, ಇಷ್ಟೇ ಸಾಕು. ಕನ್ನಡದಲ್ಲೇ ಬರೆಯಿರಿ: 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರ್ಕಾರಿ ಕಚೇರಿಗೆ ಕನ್ನಡದಲ್ಲಿ ಬರೆದರೆ ಉತ್ತರವೂ ಕನ್ನಡದಲ್ಲೇ ಬರಬೇಕು. ಸ್ವೀಕೃತಿಯ ಸೀಲು ಹಾಕಿಸಿಕೊಳ್ಳದೆ ಕಚೇರಿಯ ಮೆಟ್ಟಿಲು ಇಳಿಯಬೇಡಿ. ಸೈಟ್ ತಲಪಾಡಿ ಗಡಿಯಿಂದಾಚೆ ಇದ್ದರೆ ದೂರು ಕರ್ನಾಟಕದ ಕಾರ್ಮಿಕ ಇಲಾಖೆಗೆ ಹೋಗಬೇಕು. ಮಂಜೇಶ್ವರದಿಂದ ದಿನಾ ಮಂಗಳೂರಿಗೆ ಹೋಗಿ ಬರುವವರು ನೋಟ್‌ಬುಕ್ಕಿನಲ್ಲಿ ಊರನ್ನು ತಪ್ಪದೆ ಬರೆಯಬೇಕಾದದ್ದು ಇದಕ್ಕೇ.

ತಪಾಸಣೆಯ ಸುದ್ದಿ ಸಿಕ್ಕಿದೊಡನೆ ಕಾಂಟ್ರಾಕ್ಟರ್ ರಾಜಿಗೆ ಬರುತ್ತಾನೆ. ಇಬ್ಬರ ಬಾಕಿ ಕೈಗಿಟ್ಟು ವಿಷಯ ಮುಗಿಸುವುದು ಅವನ ಲೆಕ್ಕ. ಮರುದಿನದಿಂದ ಎಲ್ಲರ ಹೆಸರೂ ಹಾಜರಿ ಪುಸ್ತಕದಲ್ಲಿರಬೇಕು, ನೇಮಕಪತ್ರ ಕೊಡಬೇಕು ಎಂಬುದು ಬರಹದಲ್ಲಿ ಬರದ ಹೊರತು ಸಹಿ ಹಾಕಬೇಡಿ.

ಬಂಗಾಳ, ಬಿಹಾರದವರನ್ನು, ಬಾಗಲಕೋಟೆ, ಕೊಪ್ಪಳದವರನ್ನು ಬಿಟ್ಟು ಎಣಿಸಿದರೆ ಎಣಿಕೆಯೇ ಸುಳ್ಳು. ಕೂಲಿ ಇಳಿಸಿದ್ದು ಅವರಲ್ಲ, ಅವರನ್ನು ಲೆಕ್ಕದ ಹೊರಗಿಟ್ಟವನು. ಉತ್ತರ ಕರ್ನಾಟಕದವರು ನಮ್ಮ ಭಾಷೆಯವರೇ ಆದರೂ ಕೇರಳದ ಪಾಲಿಗೆ ಅತಿಥಿ ಕಾರ್ಮಿಕರು, ಅಂದರೆ ಹೊರರಾಜ್ಯದಿಂದ ದುಡಿಯಲು ಬಂದವರು. 2023ರಲ್ಲಿ ಶುರುವಾದ ಅತಿಥಿ ಪೋರ್ಟಲ್‌ನಲ್ಲಿ ಅವರ ನೋಂದಣಿ ಆಗಬೇಕು. ಅಸಂಘಟಿತ ಕಾರ್ಮಿಕರಿಗೆ ಕೇಂದ್ರ ಸರ್ಕಾರ ಕೊಡುವ ಇ-ಶ್ರಮ್ ಕಾರ್ಡ್ ಇದ್ದರೆ ಆಯಿತು ಎಂದು ಸುಮ್ಮನಿರಬೇಡಿ. ಅದು ಕೆಲಸಗಾರ ತಾನೇ ಕೊಟ್ಟ ವಿವರ, ಯಾರ ಕೈಕೆಳಗೆ ದುಡಿದ ಎಂಬುದಕ್ಕೆ ಸಾಕ್ಷಿಯಲ್ಲ.

ಕ್ಷೇಮನಿಧಿಗೆ ಬೇಕಾದ 90 ದಿನದ ದುಡಿಮೆಯ ಪತ್ರಕ್ಕೆ ಸಹಿ ಹಾಕುವಾಗಲೂ ನೋಟ್‌ಬುಕ್ ನೋಡಿಯೇ ಹಾಕಿ. ಹಾರೆ ಹಿಡಿಯದವನಿಗೆ ಒಮ್ಮೆ ಸಹಿ ಹಾಕಿಕೊಟ್ಟ ಘಟಕದ ಎಣಿಕೆಯನ್ನು ಮುಂದೆ ಯಾವ ಅಧಿಕಾರಿಯೂ ನಂಬುವುದಿಲ್ಲ.

ಯಾರಾದರೂ ಬಿದ್ದರೆ ಆಸ್ಪತ್ರೆಗೆ ಯೂನಿಯನ್ನಿನವರೊಬ್ಬರು ಜೊತೆಗೇ ಹೋಗಲೇಬೇಕು. 'ಮನೆಯಲ್ಲಿ ಜಾರಿ ಬಿದ್ದದ್ದು' ಎಂದು ಮೇಸ್ತ್ರಿ ಹೇಳಿ ಬರೆಸಿದರೆ ಪರಿಹಾರದ ದಾರಿ ಅಲ್ಲಿಗೇ ಕಡಿದಂತೆ. ಯಾವ ಸೈಟು, ಎಷ್ಟು ಹೊತ್ತಿಗೆ, ಯಾವ ಎತ್ತರದಿಂದ ಎಂಬುದು ಓಪಿ ಚೀಟಿಯಲ್ಲೇ ಬರಲಿ, ಪೊಲೀಸರಿಗೆ ಮಾಹಿತಿ ಹೋಗಲಿ. ಪರಿಹಾರ ಕೇಳಲು ಎರಡು ವರ್ಷ ಸಮಯವಿದೆ, ಆ ಚೀಟಿಯನ್ನು ಸರಿಯಾಗಿ ಬರೆಸಲು ಹತ್ತು ನಿಮಿಷ ಮಾತ್ರ.