ಮ್ಯಾಚ್‌ಗೆ ಒಂದೇ ಚೆಂಡು, ಪ್ರಾಕ್ಟೀಸ್‌ಗೆ ತಲೆಗೊಂದು

ಒಂದು ಸಣ್ಣ ಲೆಕ್ಕ ಹಾಕೋಣ. ಬ್ಯಾಸ್ಕೆಟ್‌ಬಾಲ್ ಕೋರ್ಟ್‌ನಲ್ಲಿ ಹತ್ತು ಜನ, ಚೆಂಡು ಒಂದೇ. ಪ್ರಾಕ್ಟೀಸ್ ಅಂತ ಒಂದು ಗಂಟೆ ಬರೀ ಮ್ಯಾಚ್ ಆಡಿಸಿದರೆ, ಸಮನಾಗಿ ಹಂಚಿದರೂ ಒಬ್ಬರ ಕೈಗೆ ಚೆಂಡು ಸಿಗುವುದು ಆರೇ ನಿಮಿಷ. ಸಮನಾಗಿ ಹಂಚಿಕೆ ಆಗುವುದೂ ಇಲ್ಲ ಬಿಡಿ. ಚೆನ್ನಾಗಿ ಆಡುವವರ ಕೈಗೇ ಅದು ಜಾಸ್ತಿ ಹೋಗುತ್ತದೆ. ಕಲಿಯಬೇಕಾದವರು ಸುಮ್ನೆ ಆ ಕಡೆ ಈ ಕಡೆ ಓಡುತ್ತಿರುತ್ತಾರೆ. ಹಾಗಾಗಿ ಮೊದಲ ಅರ್ಧ ಗಂಟೆ ಟೀಮನ್ನು ಮರೆತುಬಿಡಿ. ತಲೆಗೊಂದು ಚೆಂಡು ಕೊಡಿ. ಅಷ್ಟು ಚೆಂಡು ಇಲ್ಲವಾದರೆ ಇಬ್ಬರಿಗೊಂದು.

ಶುರು ಮಾಡುವ ಮೊದಲು ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಒಬ್ಬೊಬ್ಬರ ಹೆಸರಿನ ಮುಂದೆ ಒಂದೇ ಒಂದು ಸಾಲು: ‘ಎಡಗೈ ಲೇ-ಅಪ್’, ‘ಡ್ರಿಬಲ್ ಮಾಡುವಾಗ ನೆಲ ನೋಡುತ್ತಾನೆ’, ಹೀಗೆ. (ಲೇ-ಅಪ್ ಅಂದರೆ ರಿಂಗ್ ಹತ್ತಿರ ಓಡಿ ಬಂದು, ಚಿಮ್ಮಿ ಚೆಂಡು ಹಾಕುವುದು; ಡ್ರಿಬಲ್ ಅಂದರೆ ಚೆಂಡನ್ನು ನೆಲಕ್ಕೆ ಪುಟಿಸುವುದು.) ಎರಡು ವಾರ ಅದನ್ನೇ ತಿದ್ದಿ. ಒಂದೇ ದಿನ ಐದು ತಪ್ಪು ಹೇಳಿದರೆ ಆರನೆಯದು ಹುಟ್ಟುತ್ತದೆ ಅಷ್ಟೇ.

ಡ್ರಿಬ್ಲಿಂಗ್ ನಿಂತಲ್ಲೇ ಶುರುವಾಗಲಿ. ಮೊಣಕಾಲು ಬಗ್ಗಿರಬೇಕು, ಚೆಂಡು ಸೊಂಟಕ್ಕಿಂತ ಮೇಲೆ ಬರಬಾರದು. ತಳ್ಳುವುದು ಬೆರಳುಗಳು, ಅಂಗೈ ಅಲ್ಲ. ಎದುರಿಗೆ ನಿಂತು ನಿಮ್ಮ ಬೆರಳು ತೋರಿಸುತ್ತಾ ಹೋಗಿ, ಎಷ್ಟು ಅಂತ ಅವರು ಕೂಗಿ ಹೇಳಲಿ. ತಲೆ ತಾನಾಗಿ ಮೇಲೆ ಬರುತ್ತದೆ. ಬಲಗೈಗೆ ಒಂದು ನಿಮಿಷ ಕೊಟ್ಟರೆ ಎಡಗೈಗೆ ಎರಡು. ಎಡಗೈಯವರಿಗೆ ಇದು ತಿರುಗುಮುರುಗು. ಚೆಂಡು ಕೈತಪ್ಪಿ ಓಡಿದರೆ ಬೈಯಬೇಡಿ. ಹತ್ತು ನಿಮಿಷದಲ್ಲಿ ಒಮ್ಮೆಯೂ ತಪ್ಪಲಿಲ್ಲ ಅಂದರೆ ವೇಗ ಸಾಲದು ಅಂತಲೇ ಅರ್ಥ.

ಲೇ-ಅಪ್ಪನ್ನು ಕೊನೆಯಿಂದ ಕಲಿಸಿ. ಓಡಿ ಬಂದು ಹಾಕು ಅಂದರೆ ಕಾಲು ಗೊಂದಲಕ್ಕೆ ಬೀಳುತ್ತದೆ. ಮೊದಲು ರಿಂಗ್‌ನ ಬಲಬದಿಯಲ್ಲಿ ನಿಂತು, ಎಡಗಾಲಲ್ಲಿ ಚಿಮ್ಮಿ, ಬಲಗೈಯಿಂದ ಬೋರ್ಡ್‌ನ ಚೌಕದ ಮೇಲಿನ ಮೂಲೆಗೆ ಚೆಂಡು ತಾಗಿಸಲಿ. ಆಮೇಲೆ ಒಂದು ಹೆಜ್ಜೆ ಹಿಂದೆ: ಬಲ, ಎಡ, ಮೇಲೆ. ಅದು ಕೂತ ಮೇಲೆ ಒಂದು ಡ್ರಿಬಲ್ ಸೇರಿಸಿ. ನಂತರ ರಿಂಗ್ ಕೆಳಗೇ ನಿಂತು, ಚೆಂಡನ್ನು ನೆಲಕ್ಕೆ ಬಿಡದೆ, ಒಮ್ಮೆ ಬಲಗೈ ಒಮ್ಮೆ ಎಡಗೈ ಅಂತ ಹಾಕುತ್ತಲೇ ಇರುವುದು. ಇದಕ್ಕೆ ಮೈಕನ್ ಡ್ರಿಲ್ ಅನ್ನುತ್ತಾರೆ. 1940ರ ದಶಕದಲ್ಲಿ ಅಮೆರಿಕದ ಕೋಚ್ ರೇ ಮೇಯರ್ ತಮ್ಮ ಕಾಲೇಜು ಟೀಮಿನ ಜಾರ್ಜ್ ಮೈಕನ್‌ಗೆ ಮಾಡಿಸಿದ ಅಭ್ಯಾಸ ಇದು. ಮೈಕನ್ ಎತ್ತರ 2.08 ಮೀಟರ್. ಅಷ್ಟು ಎತ್ತರದವರಿಗೂ ಇದು ಬೇಕಾಯಿತು ನೋಡಿ.

ಇನ್ನು ಶೂಟಿಂಗ್. ಎಲ್ಲರಿಗೂ ಆಸೆ ಇಲ್ಲೇ, ತಪ್ಪೂ ಇಲ್ಲೇ. ರಿಂಗ್‌ನ ಬಾಯಿ 45 ಸೆಂಟಿಮೀಟರ್, ದೊಡ್ಡವರ ಚೆಂಡು ಸುಮಾರು 24. ಹೆಚ್ಚುಕಡಿಮೆ ಎರಡರಷ್ಟು ಜಾಗ ಇದೆ ಅಲ್ವಾ? ಆದರೆ ಒಂದು ಲೋಟವನ್ನು ಮೇಲಿನಿಂದ ನೋಡಿ, ಬಾಯಿ ದುಂಡಗೆ ಕಾಣುತ್ತದೆ. ಅದನ್ನೇ ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದರೆ ಬರೀ ಒಂದು ಗೆರೆ. ಚೆಂಡಿಗೂ ರಿಂಗ್ ಹಾಗೇ ಕಾಣುವುದು. ನೇರವಾಗಿ ಎಸೆದರೆ ಬಾಯಿ ಕಿರಿದಾಗುತ್ತದೆ. ಎತ್ತರಕ್ಕೆ ಏರಿ ಇಳಿದರೆ ಅಗಲವಾಗುತ್ತದೆ.

ಅದಕ್ಕೇ ರಿಂಗ್‌ನಿಂದ ಒಂದು ಮೀಟರ್ ದೂರದಲ್ಲಿ, ಒಂದೇ ಕೈಯಲ್ಲಿ ಶುರು ಮಾಡಿಸಿ. ಮೊಣಕೈ ಚೆಂಡಿನ ಕೆಳಗೆ, ಶಕ್ತಿ ಕಾಲುಗಳಿಂದ, ಕೊನೆಗೆ ಮಣಿಕಟ್ಟು ಮುಂದಕ್ಕೆ ಬಾಗಿ ಹಾಗೇ ನಿಲ್ಲಬೇಕು. ಸತತ ಐದು ಬಿದ್ದ ಮೇಲೆ ಒಂದು ಹೆಜ್ಜೆ ಹಿಂದೆ. 6.75 ಮೀಟರ್‌ನ ಮೂರು ಪಾಯಿಂಟ್ ಗೆರೆ ಎಲ್ಲೂ ಓಡಿಹೋಗುವುದಿಲ್ಲ.

ತಪ್ಪಿದ ಶಾಟ್ ಎಲ್ಲಿ ತಪ್ಪಿತು ಅಂತ ಗಮನಿಸಿ. ಮುಂದೆಯೇ ಬಿದ್ದರೆ ಹೆಚ್ಚಾಗಿ ಕಾಲು ಕೆಲಸ ಮಾಡಿಲ್ಲ. ಎಡಕ್ಕೋ ಬಲಕ್ಕೋ ಹೋದರೆ ಮೊಣಕೈ ಹೊರಗೆ ಬಂದಿದೆ, ಇಲ್ಲವೇ ಆಸರೆಗೆ ಹಿಡಿದ ಇನ್ನೊಂದು ಕೈಯ ಹೆಬ್ಬೆರಳು ಕದ್ದು ತಳ್ಳುತ್ತಿದೆ. ನನಗೂ ಈ ಹೆಬ್ಬೆರಳಿನ ಚಾಳಿ ಇತ್ತು. ಎಷ್ಟೋ ದಿನ ಚೆಂಡಿಗೆ ಗಾಳಿ ಸರಿಯಿಲ್ಲ ಅಂದುಕೊಂಡಿದ್ದೆ!

ಪುಟ್ಟ ಮಕ್ಕಳಿಗೆ 3.05 ಮೀಟರ್ ಎತ್ತರದ ರಿಂಗ್ ಬೇಡ. ಮಿನಿ ಬ್ಯಾಸ್ಕೆಟ್‌ಬಾಲ್‌ನ ರಿಂಗ್ 2.60 ಮೀಟರ್, ಚೆಂಡು 5ನೇ ಸೈಜ್. ದೊಡ್ಡದನ್ನು ಕೊಟ್ಟರೆ ಸೊಂಟದ ಹತ್ತಿರದಿಂದ ಬೀಸಿ ಎಸೆಯುವುದನ್ನು ಕಲಿಯುತ್ತಾರೆ. ಆಮೇಲೆ ಬಿಡಿಸುವುದು ಕಷ್ಟ.

ಪಾಸಿಂಗ್ ಮತ್ತು ಪಿವಟ್ (ಒಂದು ಕಾಲು ಊರಿಕೊಂಡೇ ಇನ್ನೊಂದರಿಂದ ತಿರುಗುವುದು) ಒಟ್ಟಿಗೇ ಮಾಡಿಸಿ, ಐದು ನಿಮಿಷ ಸಾಕು. ಕಲಿತದ್ದನ್ನೆಲ್ಲ ಒಬ್ಬರಿಗೆ ಒಬ್ಬರು ಆಟದಲ್ಲಿ ಒರೆಗೆ ಹಚ್ಚಿ. ಒಂದೇ ಷರತ್ತು: ಮೂರೇ ಡ್ರಿಬಲ್, ಅಷ್ಟರೊಳಗೆ ಶಾಟ್. ಡಿಫೆಂಡರ್ ಎದುರಿಗೆ ಬಂದಾಗ ಎಡಗೈ ನಿಜವಾಗಿ ಪಳಗಿದೆಯಾ ಅನ್ನುವುದು ಗೊತ್ತಾಗುತ್ತದೆ.

ಫ್ರೀ ಥ್ರೋ, ಅಂದರೆ ಎದುರಾಳಿ ಫೌಲ್ ಮಾಡಿದಾಗ ಗೆರೆಯ ಹಿಂದೆ ನಿಂತು ಯಾರ ಅಡ್ಡಿಯೂ ಇಲ್ಲದೆ ಹಾಕುವ ಶಾಟ್, ಮಾತ್ರ ಬೇರೆ. ಕೊನೆಗೆ ಆರಾಮಾಗಿ ನಿಂತು ಐವತ್ತು ಹಾಕಿಸಬೇಡಿ. ಮ್ಯಾಚ್‌ನಲ್ಲಿ ಅದು ಸಿಗುವುದು ಓಡಿ ಓಡಿ ಏದುಸಿರು ಬಿಡುವಾಗ, ಸಮಯವೂ ಐದೇ ಸೆಕೆಂಡ್. ಅದಕ್ಕೆ ಪ್ರತಿ ಡ್ರಿಲ್ ಮುಗಿದ ಕೂಡಲೇ, ನೀರು ಕುಡಿಯುವ ಮೊದಲು, ಗೆರೆಗೆ ಹೋಗಿ ಎರಡೇ ಎರಡು ಹಾಕಲಿ. ಬಿದ್ದದ್ದೆಷ್ಟು ಅಂತ ಅವರೇ ನೋಟ್‌ಬುಕ್‌ನಲ್ಲಿ ತಮ್ಮ ಹೆಸರಿನ ಮುಂದೆ ಬರೆದುಕೊಳ್ಳಲಿ. ಆಮೇಲೆ ನೀರು.